ಒಡ್ಡು ಹಾಕಿದ ಮೇಲೆ ಸಿಕ್ಕ ಉತ್ತರ

ಪದವಿ ಮುಗಿಸಿ ಊರಿಗೆ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಇಷ್ಟೆಲ್ಲ ಓದಿ ಹೊಲದಾಗ ಏನ್ ಮಾಡಾಂವ ನೀ?" ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ದ್ರಾಕ್ಷಿ, ದಾಳಿಂಬೆ. ನಮ್ಮದು ಇಳಕಲ್ ಕಡೆಯ, ಮಳೆ ನಂಬಿದ ಎರಿ ಭೂಮಿ. ಉತ್ತರ ಇರಲಿಲ್ಲ.

ಆ ವರ್ಷ ಒಂದೇ ರಾತ್ರಿಯ ಮಳೆಗೆ ಮೇಲ್ಮಣ್ಣು ಹಳ್ಳ ಸೇರಿತು. ಬಾದಾಮಿ, ಹುನಗುಂದ ಕಡೆ ಮಲಪ್ರಭೆಗೆ ಬಿದ್ದ ಮಣ್ಣು ಕೂಡಲಸಂಗಮದಲ್ಲಿ ಕೃಷ್ಣೆ ಪಾಲು. ಕಾಲೇಜಿನಲ್ಲಿ 'ಪರಿಸರ ಉಳಿಸಿ' ಬೋರ್ಡ್ ಹಿಡಿದವನ ಹೊಲವೇ ಹರಿದು ಹೋಗುತ್ತಿತ್ತು ನೋಡ್ರಿ!

ದಾರಿ ಹತ್ತಿರದಲ್ಲೇ ಇತ್ತು. ಹುನಗುಂದದ ಮಲ್ಲಣ್ಣ ನಾಗರಾಳ ಅವರಂಥ ರೈತರು ಒಡ್ಡು ಹಾಕಿ, ಮಳೆನೀರು ಹೊಲದಲ್ಲೇ ಇಂಗಿಸಿ ಒಣಬೇಸಾಯ ಗೆಲ್ಲಿಸಿ ತೋರಿಸಿದ್ದಾರೆ. ಲೆಕ್ಕ ಹಾಕಿ: ಒಂದು ಎಕರೆಗೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. ಅದು ಇಂಗಿದರೆ ಹಿಂಗಾರಿ ಜೋಳ, ಕಡಲೆಗೆ ಜೀವ.

ನೀವು ಮಾಡಬೇಕಾದ್ದು ಇಷ್ಟು. ಬೇಸಿಗೆಯಲ್ಲೇ ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ. ಹೆಚ್ಚಾದ ನೀರು ಹೊರಹೋಗಲು ತಗ್ಗಿನ ಕಡೆ ಕಲ್ಲಿನ ಕೋಡಿ ಕಟ್ಟಿ. ಒಡ್ಡಿನ ಮೇಲೆ ಗ್ಲಿರಿಸಿಡಿಯಾ ಹಚ್ಚಿ. ಬೇರು ಮಣ್ಣು ಹಿಡಿಯುತ್ತದೆ, ಸೊಪ್ಪು ಗೊಬ್ಬರವಾಗುತ್ತದೆ.

ಮೊದಲ ವರ್ಷ ಕೋಡಿ ಕಟ್ಟದೆ ನನ್ನ ಒಡ್ಡು ಒಡೆಯಿತು. ಮರುವರ್ಷ ನೀರು ನಿಂತಿತು. ಕೋಡಿ ದಾಟಿದ ನೀರು ಮುಂಚಿನಷ್ಟು ರಾಡಿ ಇರಲಿಲ್ಲ. ಅಪ್ಪ ಅದನ್ನು ಬೊಗಸೆಯಲ್ಲಿ ಹಿಡಿದು ನೋಡಿ, "ಮಣ್ಣು ಉಳೀತಲ್ಲೋ" ಅಂದರು.

ಹೊಲದಾಗ ಏನ್ ಮಾಡಾಂವ ಅಂತ ಮತ್ತೆ ಕೇಳಿಲ್ಲ.