ಪ್ರಚಲಿತ ವಿದ್ಯಮಾನದ ಸಂದರ್ಭ ಮತ್ತು ಸ್ವಾರಸ್ಯ

‘ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಹೊಸದಲ್ಲ. ಕಾವ್ಯದ ಒಂದು ಸಾಲನ್ನು ಕೊಟ್ಟು, ಅದನ್ನು ಯಾರು, ಯಾರಿಗೆ, ಯಾವ ಸನ್ನಿವೇಶದಲ್ಲಿ ಹೇಳಿದರು, ಆ ಮಾತಿನ ಒಳಗೇನಿದೆ ಎಂದು ಕೇಳುವ ಪ್ರಶ್ನೆ ಅದು. ಸಾಲನ್ನು ಕಂಠಪಾಠ ಮಾಡಿದ ಮಾತ್ರಕ್ಕೆ ಅಲ್ಲಿ ಅಂಕ ದೊರೆಯುವುದಿಲ್ಲ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಸಿದ್ಧರಾಗುವ ಅನೇಕರು ಪ್ರಚಲಿತ ವಿದ್ಯಮಾನಗಳನ್ನು ಮಾತ್ರ ಇದಕ್ಕೆ ವಿರುದ್ಧವಾದ ಕ್ರಮದಲ್ಲಿ ಓದುತ್ತಾರೆ: ದಿನಾಂಕ, ಹೆಸರು, ಸ್ಥಳ ಎಂದು ಪಟ್ಟಿ ಬೆಳೆಯುತ್ತ ಹೋಗುತ್ತದೆ. ಪೂರ್ವಭಾವಿ ಪರೀಕ್ಷೆಯ ಪಠ್ಯಕ್ರಮದಲ್ಲಿ ಪ್ರಚಲಿತ ಘಟನೆಗಳಿಗೆ ಮೊದಲ ಸ್ಥಾನವಿದೆ, ನಿಜ. ಆದರೆ ಮುಖ್ಯ ಪರೀಕ್ಷೆಯಲ್ಲಿ ಅದಕ್ಕೆಂದೇ ಪ್ರತ್ಯೇಕ ಪತ್ರಿಕೆ ಇಲ್ಲ. ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆಗಳಲ್ಲಿಯೂ ಪ್ರಬಂಧದಲ್ಲಿಯೂ ಅದು ಕರಗಿಹೋಗಿರುತ್ತದೆ. ಸುದ್ದಿಯ ಕೆಳಗಿರುವ ಸಂವಿಧಾನದ ಅಸ್ಥಿಪಂಜರವನ್ನು ಗುರುತಿಸಬಲ್ಲವನಿಗಷ್ಟೇ ಅದು ಉತ್ತರವಾಗಿ ಒದಗುತ್ತದೆ.

ಗಡಿನಾಡಿನ ವಿದ್ಯಾರ್ಥಿಯ ಮನೆಬಾಗಿಲಿಗೇ ಬಂದ ಒಂದು ಸುದ್ದಿಯನ್ನು ಈ ರೀತಿ ಬಿಡಿಸಿ ನೋಡಬಹುದು. 2025ರ ಅಕ್ಟೋಬರ್‌ನಲ್ಲಿ ಕೇರಳ ವಿಧಾನಸಭೆಯು ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿತು. ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಮಲಯಾಳವನ್ನು ಕಡ್ಡಾಯ ಪ್ರಥಮ ಭಾಷೆಯನ್ನಾಗಿಸುವ ಅಂಶ ಅದರಲ್ಲಿತ್ತು. ಕಾಸರಗೋಡಿನ ಕನ್ನಡಿಗರು ಆತಂಕ ವ್ಯಕ್ತಪಡಿಸಿದರು. 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ಕೇರಳದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಭಾಷಾ ಅಲ್ಪಸಂಖ್ಯಾತರ ಹಕ್ಕನ್ನು ರಕ್ಷಿಸುವ ಖಂಡ ಮಸೂದೆಯಲ್ಲಿಯೇ ಇದೆ ಎಂಬುದು ಕೇರಳ ಸರ್ಕಾರದ ಉತ್ತರವಾಗಿತ್ತು. ಪಟ್ಟಿ ಮಾಡುವವನ ಟಿಪ್ಪಣಿ ಇಲ್ಲಿಗೆ ಮುಗಿಯುತ್ತದೆ.

ಸಂದರ್ಭವನ್ನು ಹುಡುಕುವವನು 1956ಕ್ಕೆ ಹೋಗಬೇಕಾಗುತ್ತದೆ. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲ್ಲೂಕು ಆ ವರ್ಷದ ನವೆಂಬರ್ 1ರಂದು ಕೇರಳದ ಭಾಗವಾಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ವರದಿ ಸಲ್ಲಿಸಿತಾದರೂ ಅದು ಜಾರಿಯಾಗಲಿಲ್ಲ. ಗಡಿಯನ್ನು ಬದಲಿಸುವ ಅಧಿಕಾರ 3ನೆಯ ವಿಧಿಯಂತೆ ಸಂಸತ್ತಿನದು. ಆಯೋಗದ ಶಿಫಾರಸು ತನ್ನಷ್ಟಕ್ಕೆ ತಾನು ಕಾನೂನಾಗುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಚರ್ಚೆಯಲ್ಲಿಯೂ ಈ ಒಂದು ಅಂಶವನ್ನು ಮರೆತೇ ಬಹಳಷ್ಟು ಮಾತು ನಡೆಯುತ್ತದೆ.

ಗಡಿ ಎಲ್ಲಿಯೇ ಎಳೆದರೂ ಒಂದಷ್ಟು ಜನ ಆಚೆ ಉಳಿಯುತ್ತಾರೆಂಬುದನ್ನು ರಾಜ್ಯ ಪುನರ್ವಿಂಗಡಣಾ ಆಯೋಗವೇ ಮನಗಂಡಿತ್ತು. ಅದರ ಫಲವಾಗಿ 1956ರ ಏಳನೆಯ ತಿದ್ದುಪಡಿಯು 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಿತು. ಮೂಲ ಸಂವಿಧಾನದಲ್ಲಿ ಇವು ಇರಲಿಲ್ಲ. ಇವು ಇರುವುದು ಮೂಲಭೂತ ಹಕ್ಕುಗಳ ಮೂರನೆಯ ಭಾಗದಲ್ಲಲ್ಲ, ರಾಜಭಾಷೆಯನ್ನು ಕುರಿತ ಹದಿನೇಳನೆಯ ಭಾಗದಲ್ಲಿ. ಪೂರ್ವಭಾವಿ ಪರೀಕ್ಷೆಯ ಹೇಳಿಕೆಗಳಲ್ಲಿ ಎಡವಿ ಬೀಳುವುದು ಇಂಥ ಕಡೆಯೇ.

350ಎ ವಿಧಿಯನ್ನು ಹಳಗನ್ನಡದ ಪದ್ಯದಂತೆ ಪದವಿಂಗಡಿಸಿ ಓದುವುದು ಲೇಸು. ಭಾಷಾ ಅಲ್ಪಸಂಖ್ಯಾತ ಗುಂಪುಗಳ ಮಕ್ಕಳಿಗೆ, ಶಿಕ್ಷಣದ ಪ್ರಾಥಮಿಕ ಹಂತದಲ್ಲಿ, ಮಾತೃಭಾಷೆಯಲ್ಲಿ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಈ ಬಗ್ಗೆ ರಾಜ್ಯಕ್ಕೆ ನಿರ್ದೇಶನ ನೀಡುವ ಅಧಿಕಾರ ರಾಷ್ಟ್ರಪತಿಗಳಿಗಿದೆ. ‘ಪ್ರಯತ್ನ’ ಎಂದರೆ ಹಕ್ಕಿನ ಭಾಷೆಯಲ್ಲ. ‘ಸೌಲಭ್ಯ’ ಎಂದರೆ ಕಡ್ಡಾಯವಲ್ಲ. ‘ಸಾಕಷ್ಟು’ ಎಂದರೆಷ್ಟು ಎಂಬುದಕ್ಕೆ ಸಂವಿಧಾನದಲ್ಲಿ ಲೆಕ್ಕವಿಲ್ಲ. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಶಿಕ್ಷಕರನ್ನು ಒದಗಿಸಬೇಕೆಂಬ ಸೂತ್ರ 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನದಿಂದ ಬಂದದ್ದು. ಎಲ್ಲಕ್ಕಿಂತ ಮುಖ್ಯವಾದ ಪದ ‘ಪ್ರಾಥಮಿಕ ಹಂತ’. ಮಸೂದೆಯ ಕಡ್ಡಾಯ ಹತ್ತನೆಯ ತರಗತಿಯವರೆಗೆ ಚಾಚುತ್ತದೆ. 350ಎ ವಿಧಿಯ ನೆರಳು ಅಷ್ಟು ದೂರ ಬೀಳುವುದಿಲ್ಲ. ಪ್ರೌಢಶಾಲೆಯ ಕನ್ನಡ ಮಗುವಿನ ಪರವಾಗಿ ವಾದಿಸುವವರು ಬೇರೆ ಆಸರೆಯನ್ನೂ ಹುಡುಕಬೇಕಾಗುತ್ತದೆ.

ಆ ಆಸರೆ 29 ಮತ್ತು 30ನೆಯ ವಿಧಿಗಳಲ್ಲಿದೆ. ಮೊದಲನೆಯದು ತನ್ನ ಭಾಷೆ, ಲಿಪಿ, ಸಂಸ್ಕೃತಿಯನ್ನು ಕಾಪಾಡಿಕೊಳ್ಳುವ ಹಕ್ಕು. ಎರಡನೆಯದು ತಮ್ಮ ಇಷ್ಟದ ಶಿಕ್ಷಣಸಂಸ್ಥೆಯನ್ನು ಕಟ್ಟಿ ನಡೆಸುವ ಹಕ್ಕು. ಆದರೆ 30ನೆಯ ವಿಧಿ ರಕ್ಷಿಸುವುದು ಅಲ್ಪಸಂಖ್ಯಾತರೇ ಸ್ಥಾಪಿಸಿದ ಸಂಸ್ಥೆಯನ್ನು. ಸರ್ಕಾರಿ ಶಾಲೆಯ ಕನ್ನಡ ತರಗತಿಗೆ ಅದು ನೇರವಾಗಿ ಅನ್ವಯಿಸದು. ಅಲ್ಪಸಂಖ್ಯಾತರು ಯಾರೆಂಬುದನ್ನು ದೇಶವನ್ನಲ್ಲ, ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಧರಿಸಬೇಕೆಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು 2002ರಲ್ಲಿ ಹೇಳಿತು. ತಲಪಾಡಿಯ ಈಚೆ ಮಂಜೇಶ್ವರದಲ್ಲಿರುವ ಅಣ್ಣ ಭಾಷಾ ಅಲ್ಪಸಂಖ್ಯಾತ. ಆಚೆ ಉಳ್ಳಾಲದಲ್ಲಿ ಮನೆ ಕಟ್ಟಿಕೊಂಡ ತಮ್ಮ ಅಲ್ಲ.

ನ್ಯಾಯಾಲಯಗಳ ತೀರ್ಪನ್ನು ಓದುವಾಗ ‘ಮಾಧ್ಯಮವಾಗಿ ಭಾಷೆ’ ಮತ್ತು ‘ವಿಷಯವಾಗಿ ಭಾಷೆ’ ಎಂಬ ಎರಡನ್ನು ಬೆರೆಸಬಾರದು. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂಬ ಕರ್ನಾಟಕ ಸರ್ಕಾರದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2014ರ ಮೇ ತಿಂಗಳಲ್ಲಿ ಒಪ್ಪಲಿಲ್ಲ. ಮಾಧ್ಯಮದ ಆಯ್ಕೆ 19(1)(ಎ) ವಿಧಿಯ ಸ್ವಾತಂತ್ರ್ಯದಲ್ಲಿ ಅಡಕವಾಗಿದೆ, ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ಪೋಷಕರು ಎಂಬುದು ಪೀಠದ ನಿಲುವು. ಕರ್ನಾಟಕದಲ್ಲಿ ಕನ್ನಡಕ್ಕೆ ಒದಗಿದ ಸೋಲೆಂದು ಬಗೆಯಲಾದ ಈ ತೀರ್ಪೇ ಗಡಿಯಾಚೆಯ ಕನ್ನಡ ಮಾಧ್ಯಮದ ಶಾಲೆಗೆ ಬಲ ಕೊಡಬಲ್ಲದು. ಸ್ವಾರಸ್ಯ ಎನ್ನುವುದು ಇದಕ್ಕೇ.

ಇದರ ಇನ್ನೊಂದು ಮುಖವನ್ನೂ ಕಾಣಿಸಬೇಕು. ಮಹಾರಾಷ್ಟ್ರದ ಗುಜರಾತಿ ಅಲ್ಪಸಂಖ್ಯಾತ ಶಾಲೆಗಳಲ್ಲಿ ಐದನೆಯ ತರಗತಿಯಿಂದ ಮರಾಠಿಯನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂಬ ನಿಯಮವನ್ನು ಉಷಾ ಮೆಹತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಎತ್ತಿಹಿಡಿಯಿತು. ಒಂದು ರಾಜ್ಯದಲ್ಲಿ ಬಾಳುವವರು ಅಲ್ಲಿಯ ಭಾಷೆಯನ್ನು ಕಲಿಯಬೇಕೆಂಬುದು ಅಸಮಂಜಸವಲ್ಲ ಎಂದಿತು. ಕೇರಳದ 2017ರ ಮಲಯಾಳ ಕಲಿಕಾ ಕಾಯ್ದೆಯಾಗಲಿ, ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆನ್ನುವ ಕರ್ನಾಟಕದ 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮವಾಗಲಿ ಈ ತರ್ಕದ ಮೇಲೆಯೇ ನಿಂತಿವೆ. ಕಾಸರಗೋಡಿನಲ್ಲಿ ಒಂದು ನ್ಯಾಯ, ಬೀದರಿನಲ್ಲಿ ಇನ್ನೊಂದು ನ್ಯಾಯ ಎಂದು ಬರೆದ ಉತ್ತರವನ್ನು ಪರೀಕ್ಷಕರು ಸುಲಭವಾಗಿ ಪತ್ತೆಹಚ್ಚುತ್ತಾರೆ. ವಾದ ಇರಬೇಕಾದದ್ದು ರಾಜ್ಯಭಾಷೆ ಬೇಡವೆಂಬಲ್ಲಿ ಅಲ್ಲ. ಪ್ರಥಮ ಭಾಷೆಯ ಪೀಠದಿಂದ ಮಾತೃಭಾಷೆಯನ್ನು ಇಳಿಸಿ ಆ ಜಾಗದಲ್ಲಿ ರಾಜ್ಯಭಾಷೆಯನ್ನು ಕೂರಿಸುವುದಕ್ಕೂ, ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಅದನ್ನು ಕಲಿಸುವುದಕ್ಕೂ ಇರುವ ಅಂತರದಲ್ಲಿ.

350ಬಿ ವಿಧಿಯ ವಿಶೇಷ ಅಧಿಕಾರಿಯ ವಿಷಯ ಚಿಕ್ಕದು. ಭಾಷಾ ಅಲ್ಪಸಂಖ್ಯಾತರ ಆಯುಕ್ತರೆಂದು ಕರೆಯಲಾಗುವ ಈ ಅಧಿಕಾರಿಯನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಅವರು ತನಿಖೆ ನಡೆಸಿ ವರದಿ ಕೊಡುತ್ತಾರೆ, ವರದಿ ಸಂಸತ್ತಿನ ಮುಂದೆ ಬರುತ್ತದೆ. ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ.

ಮಸೂದೆಯು ಕಾಯ್ದೆಯಾಗುವ ದಾರಿಯೂ ಇದೇ ಸುದ್ದಿಯ ಭಾಗ. 200ನೆಯ ವಿಧಿಯಂತೆ ರಾಜ್ಯಪಾಲರು ಅಂಕಿತ ನೀಡಬಹುದು, ತಡೆಹಿಡಿಯಬಹುದು, ಹಣಕಾಸು ಮಸೂದೆಯಲ್ಲದಿದ್ದರೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು, ರಾಷ್ಟ್ರಪತಿಗಳಿಗಾಗಿ ಕಾಯ್ದಿರಿಸಬಹುದು. ಕೇರಳವು 2015ರಲ್ಲಿ ಅಂಗೀಕರಿಸಿದ ಇಂಥದೇ ಇನ್ನೊಂದು ಭಾಷಾ ಮಸೂದೆಯನ್ನು ಹೀಗೆ ಕಾಯ್ದಿರಿಸಲಾಗಿ, ಅದಕ್ಕೆ ಅಂಕಿತ ದೊರೆಯಲಿಲ್ಲ. ತಮಿಳುನಾಡಿನ ಪ್ರಕರಣದಲ್ಲಿ 2025ರ ಏಪ್ರಿಲ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಅಂಕಿತಕ್ಕೆ ಕಾಲಮಿತಿ ವಿಧಿಸಿತ್ತು. 143ನೆಯ ವಿಧಿಯಡಿ ರಾಷ್ಟ್ರಪತಿಗಳು ಕೇಳಿದ ಪ್ರಶ್ನೆಗೆ ಉತ್ತರವಾಗಿ ಐವರ ಪೀಠವು ನವೆಂಬರ್ 20ರಂದು, ಅಂಥ ಕಾಲಮಿತಿಯನ್ನು ನ್ಯಾಯಾಲಯ ಹೇರಲಾಗದು ಎಂದು ಅಭಿಪ್ರಾಯಪಟ್ಟಿತು. ಶಾಲೆಯ ಭಾಷೆಯಿಂದ ಹೊರಟ ಸುದ್ದಿ ಒಕ್ಕೂಟ ವ್ಯವಸ್ಥೆಯ ಪ್ರಶ್ನೆಗೆ ತಲುಪುವುದು ಹೀಗೆ.

ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಪೂರ್ವಭಾವಿಯ ಪ್ರಶ್ನೆಪತ್ರಿಕೆ ಮಾತ್ರ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರುತ್ತದೆ. ಆದ್ದರಿಂದ ಪ್ರತಿಯೊಂದು ವಿಧಿಯ ಇಂಗ್ಲಿಷ್ ಪಾಠವನ್ನೂ ಕನ್ನಡ ಪಾಠವನ್ನೂ ಜೊತೆಜೊತೆಗೆ ಓದುವುದು ಐಚ್ಛಿಕ ಕನ್ನಡದವರಿಗೆ ಅನಿವಾರ್ಯ. ಇನ್ನೊಂದು ತೊಡಕು ಗಡಿನಾಡಿನವರದೇ. ತನ್ನ ಊರಿನ ಶಾಲೆಯ ವಿಷಯ ಬಂದಾಗ ಉತ್ತರವು ಅಹವಾಲಾಗಿ ಮಾರ್ಪಡುವ ಸಂಭವ ಹೆಚ್ಚು. ಅಹವಾಲಿಗೂ ಸಂವಿಧಾನದಲ್ಲಿ ಜಾಗವಿದೆ: ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅದನ್ನು ಸಲ್ಲಿಸುವ ಹಕ್ಕನ್ನು 350ನೆಯ ವಿಧಿ ಕೊಟ್ಟಿದೆ. ಮಂಜೇಶ್ವರದ ತಾಲ್ಲೂಕು ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆಯುವವರು ಬಳಸುತ್ತಿರುವುದು ಅದನ್ನೇ.