ಭಾಷಾಂತರಕಾರರ ದಿನ: ತೆರೆಮರೆಯ ದುಡಿಮೆಗೆ ಒಂದು ಕೃತಜ್ಞತೆ

ಪ್ರತಿವರ್ಷ ಸೆಪ್ಟೆಂಬರ್ 30ರಂದು ಧರ್ಮಸಭೆಯು ಸಂತ ಜೆರೋಮರ ಹಬ್ಬವನ್ನು ಆಚರಿಸುತ್ತದೆ. ಪವಿತ್ರ ಗ್ರಂಥವನ್ನು ಲತೀನ್ ಭಾಷೆಗೆ ತಂದ ಈ ಸಂತರು ಕ್ರಿ.ಶ. 420ರಲ್ಲಿ ಬೆತ್ಲೆಹೇಮಿನಲ್ಲಿ ನಿಧನರಾದರು. ವಿಶ್ವಸಂಸ್ಥೆಯ ಮಹಾಸಭೆಯು 2017ರಲ್ಲಿ ಇದೇ ದಿನವನ್ನು ಅಂತರರಾಷ್ಟ್ರೀಯ ಭಾಷಾಂತರ ದಿನವೆಂದು ಘೋಷಿಸಿತು.

ಭಾಷಾಂತರ ಎಂದರೇನು? ಒಂದು ಪದಕ್ಕೆ ಇನ್ನೊಂದು ಪದ ಇಡುವುದಷ್ಟೇ ಅಲ್ಲ. ಕೇಳುವವನ ಮನಸ್ಸಿಗೆ ಅರ್ಥ ಮುಟ್ಟಿಸುವುದು. ನಮ್ಮ ನಾಡಿನಲ್ಲೇ ಇದಕ್ಕೆ ನಿದರ್ಶನವಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಹರಪನಹಳ್ಳಿ, ನೀಲಗುಂದದ ಜನ ಆಡುವ ಕನ್ನಡ ಆ ಸೀಮೆಯದೇ. ಅವರು ಕನ್ನಡ ಕಲಿತು, ಸಹೋದ್ಯೋಗಿ ವಿಲಿಯಂ ರೀವ್ ಅವರೊಡನೆ ಸೇರಿ ಕೆಲಸ ಮಾಡಿದರು. ಸಂಪೂರ್ಣ ಬೈಬಲ್ ಕನ್ನಡದಲ್ಲಿ ಹೊರಬಂದದ್ದು 1831ರಲ್ಲಿ. ಅಂದರೆ ಸುಮಾರು ಇಪ್ಪತ್ತು ವರ್ಷಗಳ ದುಡಿಮೆ! ರೀವ್ ಅವರು ನಿಘಂಟನ್ನೂ ಸಿದ್ಧಪಡಿಸಿದರು. ಅವರಿಗೆ ಭಾಷೆ ಕಲಿಸಿದ, ಪದ ಹುಡುಕಿಕೊಟ್ಟ ಸ್ಥಳೀಯರ ಹೆಸರುಗಳನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ಕಥೋಲಿಕರಾದ ನಮಗೂ ಇದು ಹತ್ತಿರದ ವಿಷಯ. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಇಂದು ನಾವು ಕನ್ನಡದಲ್ಲಿ, ಕೊಂಕಣಿಯಲ್ಲಿ ಪ್ರಾರ್ಥಿಸುತ್ತೇವೆ. ಆ ಒಂದೊಂದು ವಾಕ್ಯದ ಹಿಂದೆಯೂ ಯಾರೋ ಕುಳಿತು ತಿದ್ದಿದ ರಾತ್ರಿಗಳಿವೆ.

ಲೋಕವೂ ಈಗ ಇವರನ್ನು ಗುರುತಿಸುತ್ತಿದೆ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ 12 ಕಥೆಗಳ ಸಂಕಲನ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದಾಗ, 50,000 ಪೌಂಡುಗಳ ಬಹುಮಾನ ಲೇಖಕಿಗೂ ಇಂಗ್ಲಿಷಿಗೆ ತಂದ ಕೊಡಗಿನ ದೀಪಾ ಭಾಸ್ತಿ ಅವರಿಗೂ ಸಮಪಾಲಾಗಿ ಸಂದಿತು.

ಯಂತ್ರವೂ ಇಂದು ಕ್ಷಣದಲ್ಲಿ ಭಾಷಾಂತರಿಸುತ್ತದೆ. ಉಪಯೋಗವಿದೆ, ನಿಜ. ಆದರೆ ಬಳ್ಳಾರಿ ಸೀಮೆಯಿಂದ ಕರಾವಳಿಗೆ ದುಡಿಯಲು ಬಂದ ತಾಯಿಯೊಬ್ಬಳು ಆಸ್ಪತ್ರೆಯಲ್ಲಿ ಸಹಿ ಹಾಕುವ ಮುನ್ನ, ಇಂಗ್ಲಿಷ್ ಕಾಗದದಲ್ಲಿರುವುದನ್ನು ಅವಳ ಮಾತಿನಲ್ಲಿ ತಿಳಿಹೇಳಲು ಒಬ್ಬ ಮನುಷ್ಯನೇ ಬೇಕು. ಒಂದು ಪದ ತಪ್ಪಿದರೆ ಉತ್ತರ ಕೊಡುವವರು ಯಾರು?

ಪ್ರಿಯ ಓದುಗರೇ, ನಮ್ಮ ಚರ್ಚುಗಳಲ್ಲೂ ಸುತ್ತೋಲೆಗಳನ್ನು ಕನ್ನಡಕ್ಕೆ ತರುವವರು, ಪ್ರವಚನವನ್ನು ನಿಂತಲ್ಲೇ ಅನುವಾದಿಸುವವರು ಇದ್ದಾರೆ. ಶನಿವಾರ ಸಂಜೆ ಕಾಗದ ಕೊಟ್ಟು ಭಾನುವಾರ ಬೆಳಿಗ್ಗೆಗೆ ಕೇಳುವುದನ್ನು ಬಿಡೋಣ. ಬೇಕಾದ ಸಮಯ ಕೊಡೋಣ, ಅವರ ಹೆಸರನ್ನು ಅಚ್ಚು ಹಾಕೋಣ. ಅವರಿಗೆ ನಾವು ಸಲ್ಲಿಸಬಹುದಾದ ಹಬ್ಬದ ಶುಭಾಶಯ ಇದೇ.