ಮನೆಯ ಗಣಕಯಂತ್ರವೂ ಕಾಣದ ವೈಫೈಯೂ

ಅಜ್ಜಂಪುರದ ಸೀಮೆಯ ಬುಕ್ಕಾಂಬುಧಿಯಂತಹ ಊರುಗಳಲ್ಲಿಯೂ ಈಗ ಗಣಕಯಂತ್ರವು ಸಂಸಾರಕ್ಕೆ ಬೇಕಾದ ವಸ್ತುಗಳಲ್ಲೊಂದಾಗಿದೆ. ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಜಮೀನಿನ ಪಹಣಿ, ಪರೀಕ್ಷೆಯ ಫಲಿತಾಂಶ ಇವೆಲ್ಲವನ್ನೂ ಅದರಲ್ಲಿ ನೋಡಬಹುದು. ಸಿದ್ಧಯಂತ್ರಕ್ಕೆ ಹೆಚ್ಚು ಹಣ ತೆರಲಾರದವರು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ ಬಿಡಿಭಾಗಗಳನ್ನು ತಂದು ಜೋಡಿಸಿಕೊಂಡು, ತಮಗೆ ರೂಢಿಯಾದ ಹಳೆಯ ವಿಂಡೋಸ್ ೭ನ್ನೇ ಅದರಲ್ಲಿ ನೆಲೆಗೊಳಿಸುವುದುಂಟು. ಯಂತ್ರವೇನೋ ಓಡುವುದು, ವೈಫೈಯ ಗುರುತು ಮಾತ್ರ ತೆರೆಯ ಮೇಲೆ ಕಾಣದು. ಅರ್ಜಿಯ ಕಡೆಯ ದಿನವು ಸಮೀಪಿಸಿರುವಾಗ ಇದರಿಂದಾಗುವ ಕಳವಳವು ಅಲ್ಪವಲ್ಲ. ಆದರೂ ಯಂತ್ರ ಕೆಟ್ಟಿತೆಂದು ಹೊಸದಕ್ಕೆ ಸಾಲ ಮಾಡುವ ಮೊದಲು ಕ್ರಮವಾಗಿ ಪರೀಕ್ಷಿಸುವುದು ಲೇಸು.

ಮೊದಲನೆಯದಾಗಿ, ಯಂತ್ರದಲ್ಲಿ ವೈಫೈ ಉಂಟೇ ಎಂಬುದನ್ನು ತಿಳಿಯಬೇಕು. ಮೇಜಿನ ಮೇಲಿಡುವ ಯಂತ್ರಗಳ ಮದರ್‌ಬೋರ್ಡುಗಳಲ್ಲಿ ಅನೇಕಕ್ಕೆ ಅದು ಇರುವುದೇ ಇಲ್ಲ. ಪೆಟ್ಟಿಗೆಯ ಹಿಂಬದಿಯಲ್ಲಿ ಆಂಟೆನಾ ಸಿಕ್ಕಿಸುವ ಹೊಂಬಣ್ಣದ ತಿರುಪುಗಳಿದ್ದರೆ ಉಂಟೆಂದು ಊಹಿಸಬಹುದು. ತಿರುಪುಗಳಿದ್ದು ಆಂಟೆನಾ ಹಾಕದಿದ್ದರೆ ಅಲೆಗಳು ಬಹಳ ಕ್ಷೀಣವಾಗುವುವು. ವೈಫೈ ಇಲ್ಲವೇ ಇಲ್ಲವಾದರೆ ಯುಎಸ್‌ಬಿಗೆ ಸಿಕ್ಕಿಸುವ ಸಣ್ಣದೊಂದು ವೈಫೈ ಉಪಕರಣವೇ ಸಾಕು.

ಎರಡನೆಯದು ಡ್ರೈವರಿನ ವಿಚಾರ. ಕೆರೆ ತುಂಬಿದ್ದರೂ ತೂಬು ತೆರೆಯದಿದ್ದರೆ ಗದ್ದೆಗೆ ನೀರು ಹರಿಯದಷ್ಟೆ. ಹಾಗೆಯೇ ವೈಫೈ ಚಿಪ್ಪು ಇದ್ದರೂ ಅದನ್ನು ನಡೆಯಿಸುವ ಡ್ರೈವರ್ ಇಲ್ಲದಿದ್ದರೆ ಅದು ನಿಷ್ಪ್ರಯೋಜಕ. ಉದಾಹರಣೆಗೆ, ಇಂಟೆಲ್ ಎಎಕ್ಸ್೨೦೦ ಎಂಬ ಚಿಪ್ಪಿಗೆ ವಿಂಡೋಸ್ ೧೦ರಿಂದೀಚೆಗೂ ಲಿನಕ್ಸ್ ೫.೧ರಿಂದೀಚೆಗೂ ಡ್ರೈವರುಂಟು; ವಿಂಡೋಸ್ ೭ಕ್ಕೆ ಇಂಟೆಲ್ ಸಂಸ್ಥೆಯು ಅದನ್ನು ಮಾಡಲಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನ ಅಪರಿಚಿತ ಉಪಕರಣ ಕಂಡರೆ, ಅದರ ಹಾರ್ಡ್‌ವೇರ್ ಐಡಿಯನ್ನು ನೋಡುವುದು. ಅದರಲ್ಲಿ ವಿಇಎನ್ ಅಕ್ಷರಗಳ ಮುಂದೆ ೮೦೮೬ ಎಂದಿದ್ದರೆ ಇಂಟೆಲ್, ೧೦ಇಸಿ ಎಂದಿದ್ದರೆ ರಿಯಲ್‌ಟೆಕ್, ೧೪ಇ೪ ಎಂದಿದ್ದರೆ ಬ್ರಾಡ್‌ಕಾಮ್. ಏನೂ ಕಾಣದಿದ್ದರೆ ಕಾರ್ಡು ಸಡಿಲವಾಗಿರಬಹುದು, ಇಲ್ಲವೆ ಬಯಾಸಿನಲ್ಲಿ ಅದನ್ನು ನಿಲ್ಲಿಸಿರಬಹುದು.

ಡ್ರೈವರನ್ನು ತರಲು ಅಂತರ್ಜಾಲ ಬೇಕು. ಅಂತರ್ಜಾಲಕ್ಕೆ ಡ್ರೈವರ್ ಬೇಕು! ಈ ಗಂಟನ್ನು ಬಿಡಿಸಲು ಕೈಯಲ್ಲಿರುವ ಮೊಬೈಲೇ ಸಾಧನ. ಅದನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಮಾಡಿದರೆ ವೈಫೈಯ ಹಂಗಿಲ್ಲದೆ ಸಂಪರ್ಕ ದೊರೆಯುವುದು. ಆದರೆ ವಿಂಡೋಸ್ ೭ಕ್ಕೆ ಯುಎಸ್‌ಬಿ ೩ರ ಪರಿಚಯ ಸ್ವಭಾವತಃ ಇಲ್ಲವಾದುದರಿಂದ, ಯುಎಸ್‌ಬಿ ೨ರ ಕಿಂಡಿಯಿದ್ದರೆ ಅದನ್ನೇ ಬಳಸತಕ್ಕದ್ದು. ಅದೂ ಆಗದಿದ್ದರೆ ನೆರೆಮನೆಯ ಯಂತ್ರದಿಂದ ಪೆನ್‌ಡ್ರೈವಿನಲ್ಲಿ ಡ್ರೈವರನ್ನು ತರಬಹುದು.

ಇಷ್ಟಾದರೂ ಮುಖ್ಯವಾದ ಮಾತೊಂದು ಉಳಿಯಿತು. ವಿಂಡೋಸ್ ೭ರ ಪೋಷಣೆಯು ೨೦೨೦ರ ಜನವರಿ ೧೪ರಂದೂ, ವಿಂಡೋಸ್ ೧೦ರ ಸಾಮಾನ್ಯ ಪೋಷಣೆಯು ೨೦೨೫ರ ಅಕ್ಟೋಬರ್ ೧೪ರಂದೂ ಮುಗಿದುವು. ಅಲ್ಲಿಂದಾಚೆಗೆ ಕಂಡುಬಂದ ಬಿರುಕುಗಳನ್ನು ತಯಾರಕರು ಎಂದಿನಂತೆ ಮುಚ್ಚಿಕೊಡುವುದಿಲ್ಲ. ಬೀಗವಿಲ್ಲದ ಬಾಗಿಲಿನ ಮನೆಯಲ್ಲಿ ಒಡವೆಯಿಡುವರೇ? ಅಂತಹ ಯಂತ್ರದಲ್ಲಿ ವೈಫೈ ಬಂದರೂ ಬ್ಯಾಂಕಿನ ವ್ಯವಹಾರ ನಡೆಯಿಸುವುದು ಯುಕ್ತವಲ್ಲ.

ಆದುದರಿಂದ ಲಿನಕ್ಸನ್ನು ಪ್ರಯತ್ನಿಸಿ ನೋಡುವುದು ಮೇಲು. ಅದಕ್ಕೆ ಬೆಲೆಯಿಲ್ಲ. ಪೆನ್‌ಡ್ರೈವಿನಿಂದಲೇ ಅದನ್ನು ನಡೆಯಿಸಬಹುದಾದುದರಿಂದ ಒಳಗಿನ ಕಡತಗಳನ್ನು ಮುಟ್ಟಬೇಕಾಗಿಲ್ಲ. ಅಲ್ಲಿ ವೈಫೈ ಕಂಡರೆ ಉಪಕರಣವು ನಿರ್ದೋಷಿ, ದೋಷವು ಹಳೆಯ ವ್ಯವಸ್ಥೆಯದೆಂದು ನಿರ್ಧರವಾಯಿತು. ಡೆಬಿಯನ್ ಎಂಬ ಲಿನಕ್ಸಿನಲ್ಲಿ ವೈಫೈಗೆ ಬೇಕಾದ ಫರ್ಮ್‌ವೇರನ್ನು ಹಿಂದೆ ಬೇರೆಯಾಗಿ ತರಬೇಕಾಗಿದ್ದಿತು. ೨೦೨೩ರ ಜೂನಿನಲ್ಲಿ ಬಂದ ೧೨ನೆಯ ಆವೃತ್ತಿಯಿಂದ ಅದು ಸ್ಥಾಪನೆಯ ಪ್ರತಿಯಲ್ಲಿಯೇ ಸೇರಿದೆ. ಶಾಶ್ವತವಾಗಿ ಬದಲಾಯಿಸುವವರು ಮಾತ್ರ ಮಕ್ಕಳ ಅಂಕಪಟ್ಟಿ, ಮನೆಯ ಚಿತ್ರಗಳು, ಜಮೀನಿನ ಕಾಗದಗಳು ಇವುಗಳ ಪ್ರತಿಯನ್ನು ಮೊದಲು ಬೇರೆಡೆ ತೆಗೆದಿಟ್ಟುಕೊಳ್ಳಬೇಕು. ಕಳೆದುಹೋದ ವೈಫೈಯನ್ನು ಮರಳಿ ತರಬಹುದು. ಅಳಿಸಿಹೋದ ಚಿತ್ರಗಳನ್ನು ತರುವುದು ಸುಲಭವಲ್ಲ.